ಮೂವತ್ತು ಪರ್ಸೆಂಟ್ ಬದಲಿಸಿದರೆ ನಿಮ್ಮದಾಗುವುದಿಲ್ಲ

ಸೂರತ್ತಿನ ವರಾಛಾದ ಡಿಸೈನ್ ಸ್ಟುಡಿಯೊಗಳಲ್ಲಿ ಕಂಪ್ಯೂಟರ್ ಮುಂದೆ ಕೂತಿರುವ ಕನ್ನಡದ ಮಕ್ಕಳೇ, ನಿಮಗೆ ನಾಲ್ಕು ಮಾತು ಹೇಳಬೇಕಿದೆ.

ಸೂರತ್ತಿನ ಸೀರೆ ವ್ಯಾಪಾರಕ್ಕೆ ದಿನಬೆಳಗಾದರೆ ಹೊಸ ಡಿಸೈನ್ ಬೇಕು. ಸೇಠರು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿ, ಸಂಜೆಯೊಳಗೆ ಇಂಥದ್ದೇ ಆಗಬೇಕು ಅನ್ನುತ್ತಾರೆ. ನೀವು ನೆಟ್ಟಿನಿಂದ ಯಾರದೋ ಹೂವನ್ನು ಎತ್ತಿಕೊಂಡು, ಬಣ್ಣ ಬದಲಿಸಿ, ಎಡದ್ದನ್ನು ಬಲಕ್ಕೆ ಮಗುಚಿ, ಬಾರ್ಡರ್ ಸೇರಿಸಿ ರಿಪೀಟ್ ಕೂರಿಸುತ್ತೀರಿ. ಕೇಳಿದವರಿಗೆ ಸಿದ್ಧ ಉತ್ತರವೂ ಇದೆ: ಮೂವತ್ತು ಪರ್ಸೆಂಟ್ ಬದಲಿಸಿದ್ದೇನೆ, ಇನ್ನು ಇದು ನನ್ನದೇ.

ಆ ಲೆಕ್ಕ ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಅಂಥ ಯಾವ ಶೇಕಡಾವಾರನ್ನೂ ಹೇಳುವುದಿಲ್ಲ. ಒಂದು ನಾಟಕ ಮತ್ತು ಸಿನಿಮಾದ ತಕರಾರಿನಲ್ಲಿ, 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ವಿಚಾರ ಯಾರೊಬ್ಬರ ಸ್ವತ್ತೂ ಅಲ್ಲ, ಅದಕ್ಕೆ ಒಬ್ಬರು ಕೊಟ್ಟ ರೂಪಕ್ಕೆ ಮಾತ್ರ ಹಕ್ಕು. ಎರಡನ್ನೂ ನೋಡಿದವರಿಗೆ ಇದು ಅದರದೇ ನಕಲು ಎಂದು ಅನುಮಾನಕ್ಕೆಡೆಯಿಲ್ಲದೆ ಅನ್ನಿಸಿದರೆ ಅದು ನಕಲೇ. ಕಮಲ ಬಿಡಿಸಲು ಯಾರ ಅಪ್ಪಣೆಯೂ ಬೇಡ. ಬೇರೊಬ್ಬರು ಬಿಡಿಸಿದ ಕಮಲವನ್ನು ಕತ್ತರಿಸಿ ಅಂಟಿಸಲು ಅವರ ಒಪ್ಪಿಗೆ ಬೇಕು. ಎಐ ಮಾಡಿಕೊಟ್ಟಿತು ಎಂಬ ನೆಪವೂ ನಿಮ್ಮನ್ನು ಕಾಯುವುದಿಲ್ಲ.

ಕಾಸರಗೋಡು ಜಿಲ್ಲೆಯ ಕುಂಬಳೆಯ ಕರಣ್ ಆಚಾರ್ಯ ನಿಮ್ಮ ಹಾಗೆಯೇ ಕಂಪ್ಯೂಟರಿನಲ್ಲಿ ಚಿತ್ರ ಮಾಡುವವರು. 2015ರಲ್ಲಿ ಊರಿನ ಗೆಳೆಯರ ಧ್ವಜಕ್ಕೆಂದು ಕೇಸರಿ, ಕಪ್ಪು ಬಣ್ಣಗಳಲ್ಲಿ ಹನುಮಂತನ ಮುಖ ಬಿಡಿಸಿಕೊಟ್ಟರು. ಆ ಮುಖ ದೇಶದ ಉದ್ದಗಲಕ್ಕೂ ಕಾರುಗಳ ಹಿಂಗಾಜಿಗೆ ಏರಿತು. ಸ್ಟಿಕರ್ ಆಯಿತು, ಟೀ ಶರ್ಟ್ ಆಯಿತು. 2018ರಲ್ಲಿ ಮಂಗಳೂರಿನ ಸಭೆಯಲ್ಲಿ ಪ್ರಧಾನಿಯೇ ಅವರನ್ನು ಹೊಗಳಿದರು. ಆದರೂ ಆ ಸ್ಟಿಕರ್ ಅಂಟಿಸಿಕೊಂಡವರಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತು? ನೆಟ್ಟಿನಲ್ಲಿ ನಿಮಗೆ ಸಿಗುವ ಪ್ರತಿ ಚಿತ್ರದ ಹಿಂದೆಯೂ ಅಂಥ ಒಬ್ಬರು ಇದ್ದಾರೆ. ಹೆಸರು ಕಾಣಿಸದಿದ್ದ ಮಾತ್ರಕ್ಕೆ ಅದು ವಾರಸುದಾರರಿಲ್ಲದ ಮಾಲಲ್ಲ. ನೀವಿರುವ ವರಾಛಾದ ಮಿನಿ ಬಜಾರಿನಲ್ಲಿ ಇನ್ನೊಬ್ಬರ ವಜ್ರದ ಪೊಟ್ಟಣ ನಂಬಿಕೆಯ ಮೇಲೆ ಕೈಯಿಂದ ಕೈಗೆ ಹೋಗುತ್ತದೆ. ಚಿತ್ರದ ವಿಷಯದಲ್ಲೂ ಆ ಮರ್ಯಾದೆ ಇರಲಿ.

ಹಾಗಾದರೆ ಹಳೆಯ ಚಿತ್ರ ಮುಟ್ಟಲೇಬಾರದೇ ಎಂದು ಹೆದರಬೇಡಿ. ಚಿತ್ರಕಾರ ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಕಳೆದರೆ ಅವರ ಚಿತ್ರ ಎಲ್ಲರದೂ ಆಗುತ್ತದೆ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅವರ ಚಿತ್ರಗಳು ವಡೋದರಾದಲ್ಲಿವೆ, ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ. ಬಿಡುವಿದ್ದಾಗ ಹೋಗಿ, ಸೀರೆಯ ನೆರಿಗೆ, ಅಂಚಿನ ಜರಿ ಎದುರು ನಿಂತು ನೋಡಿ, ನಿಮ್ಮ ಕೈಯಿಂದ ಬಿಡಿಸಿಕೊಳ್ಳಿ. ಕಸೂತಿಯ ಗೋಪುರ, ತೇರು, ಆನೆಗಳೂ ಯಾರೊಬ್ಬರ ಸ್ವತ್ತಲ್ಲ. ಆದರೆ ಆ ಚಿತ್ತಾರವನ್ನು ಪಾಲಿಯೆಸ್ಟರ್ ಮೇಲೆ ಪ್ರಿಂಟ್ ಹೊಡೆದು ಅದಕ್ಕೆ ಕಸೂತಿ ಎಂದು ಹೆಸರಿಟ್ಟು ಮಾರಬೇಡಿ. ಧಾರವಾಡದ ಕಡೆಯ ಹೆಣ್ಣುಮಕ್ಕಳು ಎಳೆ ಎಣಿಸಿ ಹಾಕುವ ಆ ಕೈಕೆಲಸಕ್ಕೆ ಭೌಗೋಳಿಕ ಸೂಚಿಕೆಯ ರಕ್ಷಣೆಯಿದೆ. ಪಾಟಣದ ಪಟೋಲ ಸೀರೆಗೂ ಇದೆ.

ಇನ್ನು ನಿಮ್ಮ ಸ್ವಂತ ಕೆಲಸದ ಮಾತು. ಇದನ್ನು ಗಟ್ಟಿಯಾಗಿ ನೆನಪಿಡಿ. ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ನೀವೋ ನಿಮ್ಮ ಅನುಮತಿ ಪಡೆದವರೋ ಯಂತ್ರದಲ್ಲಿ ಐವತ್ತಕ್ಕಿಂತ ಹೆಚ್ಚು ಪ್ರತಿ ತೆಗೆದರೆ, ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯ ಮುಗಿದುಹೋಗುತ್ತದೆ. ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮು ಹೇಳುವುದು ಇದನ್ನೇ. ಸೂರತ್ತಿನ ಡಿಜಿಟಲ್ ಪ್ರಿಂಟ್ ಯಂತ್ರಕ್ಕೆ ಐವತ್ತು ಸೀರೆ ಎಷ್ಟು ಹೊತ್ತಿನ ಕೆಲಸ? ಆದ್ದರಿಂದ ಒಳ್ಳೆಯ ಡಿಸೈನ್ ಹುಟ್ಟಿದರೆ ಮಾರುಕಟ್ಟೆಗೆ ತೋರಿಸುವ ಮೊದಲೇ 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿ. ಮೊದಲು 10 ವರ್ಷ, ಮತ್ತೆ ಅರ್ಜಿ ಹಾಕಿದರೆ ಇನ್ನೂ 5 ವರ್ಷ ಹಕ್ಕು ಉಳಿಯುತ್ತದೆ. ಕೈಯಲ್ಲಿ ಬಿಡಿಸಿದ ಸ್ಕೆಚ್ಚು, ಲೇಯರ್ ಬಿಡಿಬಿಡಿಯಾಗಿರುವ ಫೈಲು ಎರಡನ್ನೂ ತಾರೀಖಿನ ಸಮೇತ ಇಟ್ಟುಕೊಳ್ಳಿ. ನಾಳೆ ತಕರಾರು ಬಂದರೆ ನಿಮ್ಮ ಪರವಾಗಿ ಮಾತಾಡುವುದು ಅವೇ.

ಕಲಿಯಲು ಯಾರ ಚಿತ್ರವನ್ನಾದರೂ ನಕಲು ಮಾಡಿ ನೋಡಿ. ಕೈ ಪಳಗುವುದೇ ಹಾಗೆ. ಅದನ್ನು ಮಾರಬೇಡಿ. ಬೇರೆಯವರ ಚಿತ್ರ ಬೇಕೇಬೇಕಾದರೆ ಬರೆದು ಕೇಳಿ, ಲೈಸೆನ್ಸ್ ಓದಿ, ಹಣ ಕೊಡಿ, ಹೆಸರು ಹಾಕಿ. ಸೇಠರು ಕದ್ದ ಫೋಟೊ ಕಳಿಸಿದರೆ, "ಇದರಲ್ಲಿ ನಿಮಗೆ ಹಿಡಿಸಿದ್ದು ಬಣ್ಣವೋ ಹೂವೋ ಹೇಳಿ ಸೇಠ್, ನಾನೇ ಹೊಸದು ಬಿಡಿಸಿಕೊಡುತ್ತೇನೆ" ಅನ್ನಿ. ಮೊದಮೊದಲು ತಡವಾಗುತ್ತದೆ, ಬೈಗುಳವೂ ಸಿಗಬಹುದು. ಸಹಿಸಿಕೊಳ್ಳಿ. ನಕಲು ಮಾಡಿಕೊಡಲು ವರಾಛಾದಲ್ಲಿ ನೂರು ಜನ ಸಿಗುತ್ತಾರೆ. ಹೊಸದನ್ನು ಬಿಡಿಸಬಲ್ಲವರನ್ನು ಸೇಠರೇ ಹುಡುಕಿಕೊಂಡು ಬರಬೇಕು. ನೀವು ಆ ಸಾಲಿಗೆ ಸೇರಬೇಕೆಂಬುದು ನನ್ನ ಆಸೆ.