ಜೀಪಿನ ಎಂಜಿನ್ನಿಗೆ ಎರಡನೆಯ ಆಯಿಲ್ ಫಿಲ್ಟರ್: ಯಾರಿಗೆ ಬೇಕು, ಯಾರಿಗೆ ಬೇಡ?



ನೆಲಮಂಗಲ, ದೊಡ್ಡಬಳ್ಳಾಪುರದ ಕಡೆ ತೋಟಕ್ಕೆ ಗೊಬ್ಬರ ತರುವುದಕ್ಕೂ, ಅಡಿಕೆ ಮೂಟೆಯನ್ನು ಮಂಡಿಗೆ ಸಾಗಿಸುವುದಕ್ಕೂ ಜೀಪೋ ಪಿಕಪ್ಪೋ ಇಲ್ಲದೆ ನಡೆಯುವುದಿಲ್ಲ. ಆ ವಾಹನದ ಎಂಜಿನ್ ಬೋರ್ ಕೆಲಸಕ್ಕೆ ಬಂತೆಂದರೆ ಸಣ್ಣ ಹಿಡುವಳಿದಾರರ ಒಂದು ಕೊಯ್ಲಿನ ಲಾಭ ಗ್ಯಾರೇಜಿನ ಪಾಲಾಗುತ್ತದೆ. ಹೀಗಿರುವಾಗ, ಎಂಜಿನ್ನಿಗೆ ಇನ್ನೊಂದು ಆಯಿಲ್ ಫಿಲ್ಟರ್ ಕೂರಿಸಿಬಿಟ್ಟರೆ ಆಯಿಲ್ ಬದಲಾಯಿಸುವ ಗೋಜೇ ಇಲ್ಲ ಎಂದು ಯಾರಾದರೂ ಹೇಳಿದರೆ ಕಿವಿ ನೆಟ್ಟಗಾಗುವುದು ಸಹಜ. ಈ ಮಾತಿನಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಯಾವುದು ನಿಜ, ಯಾವುದು ಸುಳ್ಳು ಎಂಬುದನ್ನು ನೋಡೋಣ.

ಆಯಿಲಿಗೆ ಸೇರುವ ಕೊಳೆ

ಎಂಜಿನ್ ಆಯಿಲಿಗೆ ಮುಖ್ಯವಾಗಿ ನಾಲ್ಕು ಬಗೆಯ ಕೊಳೆ ಸೇರುತ್ತದೆ: ಹೊರಗಿನ ಧೂಳು, ಡೀಸೆಲ್ ಉರಿದಾಗ ಬರುವ ಮಸಿ, ಸವೆದ ಲೋಹದ ಪುಡಿ, ಮತ್ತು ಉರಿಯದೆ ಇಳಿದ ಇಂಧನ ಹಾಗೂ ನೀರು. ನಮ್ಮ ಕೆಮ್ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಇವು ಬೇರಿಂಗಿನ ಮೃದು ಲೋಹಕ್ಕಿಂತ ಬಹಳ ಗಡಸು.

ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಓಡುವ ಎಂಜಿನ್ನಿನಲ್ಲಿ ಬೇರಿಂಗಿಗೂ ಕ್ರ್ಯಾಂಕ್ ಶಾಫ್ಟಿಗೂ ನಡುವೆ ಇರುವ ಆಯಿಲ್ ಪದರವಾದರೋ ಕೆಲವೇ ಮೈಕ್ರಾನ್ ದಪ್ಪ. ಆ ಪದರದೊಳಗೆ ತೂರಬಲ್ಲ ಐದು, ಹತ್ತು ಮೈಕ್ರಾನಿನ ಕಣಗಳು ಕಣ್ಣಿಗೆ ಕಾಣದಿದ್ದರೂ ಅರದಂತೆ ಕೆಲಸ ಮಾಡುತ್ತವೆ.

ಮೂಲ ಫಿಲ್ಟರಿನ ಮಿತಿ

ಕಂಪನಿ ಕೂರಿಸಿದ ಫಿಲ್ಟರ್ ಇವನ್ನೆಲ್ಲ ಏಕೆ ಹಿಡಿಯುವುದಿಲ್ಲ? ನಮ್ಮ ಅಡಿಗೆಮನೆಯ ಕಾಫಿ ಫಿಲ್ಟರನ್ನೇ ನೆನೆಯಿರಿ. ಪುಡಿ ನಯವಾದಷ್ಟೂ ಡಿಕಾಕ್ಷನ್ ಇಳಿಯುವುದು ನಿಧಾನ. ಎಂಜಿನ್ನಿನಲ್ಲಿ ಪಂಪು ತಳ್ಳುವ ಆಯಿಲೆಲ್ಲವೂ ಮೂಲ ಫಿಲ್ಟರಿನ ಮೂಲಕವೇ ಹಾದು ಬೇರಿಂಗುಗಳಿಗೆ ಹೋಗಬೇಕು. ಅದರ ಕಾಗದ ತೀರ ನಯವಾಗಿದ್ದರೆ ಬೆಳಗಿನ ಚಳಿಯಲ್ಲಿ ಮಂದವಾದ ಆಯಿಲ್ ದಾಟಲಾರದೆ ಬೇರಿಂಗುಗಳು ಒಣಗುತ್ತವೆ. ಆದ್ದರಿಂದ ಈ ಕಾಗದವನ್ನು ಸ್ವಲ್ಪ ಸಡಿಲವಾಗಿಯೇ ಮಾಡುತ್ತಾರೆ. ಸುಮಾರು 25 ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಅದಕ್ಕಿಂತ ಸಣ್ಣವು ಬಹುಮಟ್ಟಿಗೆ ನುಸುಳುತ್ತವೆ. ಫಿಲ್ಟರ್ ಕಟ್ಟಿಕೊಂಡರೆ ಒಂದು ವಾಲ್ವ್ ತೆರೆದುಕೊಂಡು ಸೋಸದ ಆಯಿಲನ್ನೇ ಬಿಡುತ್ತದೆ. ಆಯಿಲೇ ಇಲ್ಲದಿರುವುದಕ್ಕಿಂತ ಕೊಳೆ ಆಯಿಲ್ ಮೇಲು ಎಂಬುದು ಅದರ ತತ್ತ್ವ.

ಬೈಪಾಸ್ ಫಿಲ್ಟರಿನ ಉಪಾಯ

ಎರಡನೆಯ ಫಿಲ್ಟರ್ ಮುಖ್ಯ ದಾರಿಯಲ್ಲಿ ನಿಲ್ಲುವುದಿಲ್ಲ. ಒತ್ತಡದಲ್ಲಿರುವ ಆಯಿಲಿನ ಒಂದು ಸಣ್ಣ ಪಾಲನ್ನು ಪಕ್ಕಕ್ಕೆ ಸೆಳೆದು, ಬಹಳ ನಯವಾದ ಪದರದಲ್ಲಿ ನಿಧಾನವಾಗಿ ಸೋಸಿ, ಮತ್ತೆ ಸಂಪಿಗೆ ಬಿಡುತ್ತದೆ. ಬೇರಿಂಗುಗಳ ಪಾಲಿನ ಆಯಿಲ್ ತನ್ನ ದಾರಿಯಲ್ಲೇ ಹೋಗುತ್ತಿರುತ್ತದೆ.

ಇದು ಹೊಸದೇನಲ್ಲ. ಮಹೀಂದ್ರ ಕಂಪನಿ ಹಿಂದೆ ಇಲ್ಲಿ ಜೋಡಿಸುತ್ತಿದ್ದ ವಿಲ್ಲಿಸ್ ಜೀಪುಗಳ ಪೆಟ್ರೋಲ್ ಎಂಜಿನ್ನಿನ ಪಕ್ಕದಲ್ಲಿ ಎರಡು ಕೊಳವೆ ಸಿಕ್ಕಿಸಿದ ಒಂದು ಡಬ್ಬಿ ಇರುತ್ತಿದ್ದುದನ್ನು ಹಿರಿಯ ಬೆಳೆಗಾರರು ನೋಡಿರಬಹುದು. ಅದು ಬೈಪಾಸ್ ಫಿಲ್ಟರೇ. ಆ ಎಂಜಿನ್ನಿಗೆ ಇದ್ದುದು ಅದೊಂದೇ. ಮುಂದೆ ಪೂರ್ತಿ ಆಯಿಲನ್ನು ಸೋಸುವ ಫಿಲ್ಟರ್ ರೂಢಿಗೆ ಬಂದು ಪಕ್ಕದ ಡಬ್ಬಿ ಮರೆಯಾಯಿತು. ಒಳ್ಳೆಯದೆಂದರೆ ಎರಡೂ ಇರುವುದು. ಬಹಳ ಕಾಲ ಬಿಡದೆ ಓಡುವ ಅನೇಕ ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಇಂದಿಗೂ ಎರಡೂ ಇರುತ್ತವೆ.

ಈಗ ಒಂದು ಲೆಕ್ಕ. ಒತ್ತಡ 3 ಕಿಲೋ ಇರುವಾಗ ಒಂದೂವರೆ ಮಿಲಿಮೀಟರಿನ ತೂತಿನ ಮೂಲಕ ಬಿಸಿ ಆಯಿಲ್ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ಹರಿಯಬಲ್ಲದು. ಸಂಪಿನಲ್ಲಿ ಆರು ಲೀಟರ್ ಇದೆಯೆಂದರೆ ನಾಲ್ಕು ನಿಮಿಷಕ್ಕೆ ಅಷ್ಟು ಆಯಿಲ್ ಸೋಸಿದಂತಾಯಿತು. ಒಂದು ಗಂಟೆಯ ಓಟದಲ್ಲಿ ಹದಿನೈದು ಸಲ. ಸೋಸಿದ್ದು ಸೋಸದ್ದರೊಡನೆ ಬೆರೆಯುತ್ತಿರುವುದರಿಂದ ಒಂದೇ ಸುತ್ತಿನಲ್ಲಿ ಎಲ್ಲವೂ ಶುದ್ಧವಾಗುವುದಿಲ್ಲ; ಸುತ್ತು ಸುತ್ತಿಗೂ ಕೊಳೆ ಇಳಿಯುತ್ತದೆ.

ಜೋಡಿಸುವ ಕ್ರಮ

1. ಮೊದಲು ಆಯಿಲ್ ಒತ್ತಡದ ಗೇಜ್ ಹಾಕಿಸಿ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತುವುದು ಒತ್ತಡ ತೀರ ಕುಸಿದ ಮೇಲೆ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಎಷ್ಟು, ಓಟದಲ್ಲಿ ಎಷ್ಟು ಎಂದು ಬರೆದಿಡಿ. ಒತ್ತಡ ಈಗಾಗಲೇ ಕಡಿಮೆ ಇರುವ ಸವೆದ ಎಂಜಿನ್ನಿಗೆ ಬೈಪಾಸ್ ಹಾಕಿಸಲೇಬೇಡಿ.

2. ಆಯಿಲ್ ಪ್ರೆಶರ್ ಸ್ವಿಚ್ ಇರುವ ಜಾಗದಲ್ಲಿ ಟೀ ಜೋಡಿಸಿ ಅಲ್ಲಿಂದ ಆಯಿಲ್ ಪಡೆಯುವುದು ವಾಡಿಕೆ. ಎಂಜಿನ್ನಿನಿಂದ ಎಂಜಿನ್ನಿಗೆ ಥ್ರೆಡ್ ಬೇರೆ. ಕೈಯಲ್ಲಿ ಸಲೀಸಾಗಿ ಹಿಡಿಯದ ಥ್ರೆಡ್ಡನ್ನು ಸ್ಪ್ಯಾನರ್ ಬಲದಿಂದ ತಿರುಗಿಸಿದರೆ ಬ್ಲಾಕ್ ಸೀಳಬಹುದು.

3. ಹರಿವನ್ನು ಕಟ್ಟುಪಾಡಿನಲ್ಲಿಡುವ ಒಂದರಿಂದ ಒಂದೂವರೆ ಮಿಲಿಮೀಟರಿನ ಸಣ್ಣ ತೂತು ಈ ದಾರಿಯಲ್ಲಿ ಇರಲೇಬೇಕು. ಕೆಲವು ಫಿಲ್ಟರುಗಳಲ್ಲಿ ಅದು ಒಳಗೇ ಇರುತ್ತದೆ; ಕೊಳ್ಳುವಾಗ ಕೇಳಿ ತಿಳಿಯಿರಿ. ಇದಿಲ್ಲದೆ ಜೋಡಿಸಿದರೆ ಬೇರಿಂಗುಗಳ ಪಾಲಿನ ಆಯಿಲ್ ಸಂಪಿಗೆ ಹರಿದುಹೋಗುತ್ತದೆ.

4. ಫಿಲ್ಟರಿನಿಂದ ಹೊರಬರುವ ಆಯಿಲ್ ಟ್ಯಾಪೆಟ್ ಕವರಿಗೋ ಸಂಪಿಗೋ ತಡೆಯಿಲ್ಲದೆ ಮರಳಬೇಕು.

5. ನೀರಿನ ರಬ್ಬರ್ ಪೈಪನ್ನು ಕ್ಲಿಪ್ಪು ಹಾಕಿ ಬಳಸಕೂಡದು. ಬಿಸಿ ಆಯಿಲಿಗೂ ಒತ್ತಡಕ್ಕೂ ತಡೆಯುವ, ತುದಿಗೆ ಯೂನಿಯನ್ ಪ್ರೆಸ್ ಮಾಡಿದ ಹೈಡ್ರಾಲಿಕ್ ಹೋಸನ್ನೇ ಅಳತೆ ಕೊಟ್ಟು ಮಾಡಿಸಿ. ಹೋಸು ಸೈಲೆನ್ಸರ್ ಪೈಪಿನಿಂದ ದೂರವಿರಲಿ, ಎಲ್ಲಿಯೂ ಉಜ್ಜದಿರಲಿ. ಎಂಜಿನ್ ಅಲುಗಾಡುವುದರಿಂದ ಸ್ವಲ್ಪ ಸಡಿಲ ಬಿಡಿ.

6. ಹೊಸ ಫಿಲ್ಟರ್ ತುಂಬುವಷ್ಟು ಹೆಚ್ಚಿನ ಆಯಿಲ್ ಬೇಕು. ಐದು ನಿಮಿಷ ಓಡಿಸಿ, ನಿಲ್ಲಿಸಿ, ಕಡ್ಡಿ ನೋಡಿ ಭರ್ತಿ ಮಾಡಿ. ಬಳಿಕ ಗೇಜಿನ ಲೆಕ್ಕವನ್ನು ಹಿಂದಿನದಕ್ಕೆ ಹೋಲಿಸಿ. ಐಡ್ಲಿಂಗಿನ ಒತ್ತಡ ಗಣನೀಯವಾಗಿ ಇಳಿದಿದ್ದರೆ ತೂತು ದೊಡ್ಡದಾಯಿತೆಂದು ತಿಳಿಯಿರಿ.

ಐದನೆಯ ಅಂಶವನ್ನು ಮತ್ತೊಮ್ಮೆ ಓದಿಕೊಳ್ಳಬೇಕೆಂದು ಪ್ರಾರ್ಥನೆ. ಈ ಹೋಸು ಹರಿದರೆ ಪಂಪು ತಾನೇ ಸಂಪಿನ ಆಯಿಲನ್ನು ರಸ್ತೆಗೆ ಚೆಲ್ಲುತ್ತದೆ. ಚಾಲಕನಿಗೆ ತಿಳಿಯುವ ಹೊತ್ತಿಗೆ ಎಂಜಿನ್ ಹಿಡಿದುಕೊಂಡಿರುತ್ತದೆ. ಬಿಸಿ ಸೈಲೆನ್ಸರಿನ ಮೇಲೆ ಆಯಿಲ್ ಬಿದ್ದರೆ ಬೆಂಕಿಯ ಭಯವೂ ಉಂಟು. ಎಂಜಿನ್ ಉಳಿಸಲು ಹಾಕಿದ್ದೇ ಎಂಜಿನ್ನನ್ನು ಕೊಲ್ಲುವ ದಾರಿ ಇದು.

ಫಿಲ್ಟರಿನಿಂದ ಆಗದ ಕೆಲಸ

ಫಿಲ್ಟರ್ ಕಣಗಳನ್ನು ಹಿಡಿಯುತ್ತದೆ, ಅಷ್ಟೇ. ಆಯಿಲಿಗೆ ಬೆರೆತ ಡೀಸೆಲನ್ನು ಬೇರ್ಪಡಿಸುವುದಿಲ್ಲ. ಉರಿಯುವಿಕೆಯಿಂದ ಬರುವ ಆಮ್ಲವನ್ನು ತಣಿಸಲೆಂದು ಕಂಪನಿ ಬೆರೆಸಿದ ಔಷಧಿ ಖರ್ಚಾದರೆ ಅದನ್ನು ತುಂಬಿಕೊಡುವುದೂ ಇಲ್ಲ. ಆದ್ದರಿಂದ ಆಯಿಲ್ ಬದಲಾಯಿಸುವುದೇ ಬೇಡ ಎನ್ನುವುದು ಸುಳ್ಳು. ಪ್ರಯೋಗಶಾಲೆಯಲ್ಲಿ ಆಯಿಲ್ ಪರೀಕ್ಷೆ ಮಾಡಿಸಿದ ಹೊರತು ಕಂಪನಿ ಹೇಳಿದ ಅವಧಿ ಮೀರಬಾರದು. ಆಯಿಲ್ ಕಪ್ಪಾಗಿದೆ, ಕಪ್ಪಾಗಿಲ್ಲ ಎಂದು ಬೆರಳಲ್ಲಿ ನೋಡಿ ತೀರ್ಮಾನಿಸುವಂತೆಯೂ ಇಲ್ಲ. ಡೀಸೆಲ್ ಎಂಜಿನ್ನಿನ ಆಯಿಲ್ ಬೇಗನೆ ಕಪ್ಪಾಗುವುದು ಸ್ವಭಾವ.

ಯಾರಿಗೆ ಲಾಭ?

ವಾರಕ್ಕೊಮ್ಮೆ ಪೇಟೆಗೆ ಹೋಗಿ ಬರುವ ಜೀಪಿಗೆ ಇದು ಬೇಡ. ವರ್ಷಕ್ಕೊಂದು ಸಲ ಆಯಿಲ್ ಬದಲಾಯಿಸಿದರೆ ಸಾಕಾಗುವ ವಾಹನ ಫಿಲ್ಟರಿನ ಬೆಲೆಯನ್ನು ಎಂದಿಗೂ ತೀರಿಸಲಾರದು. ದಿನವೂ ಬಾಡಿಗೆಗೆ ಓಡುವ ಪಿಕಪ್, ಗಂಟೆಗಟ್ಟಲೆ ನಡೆಯುವ ಜನರೇಟರ್, ಮಣ್ಣಿನಲ್ಲೇ ದುಡಿಯುವ ಟ್ರ್ಯಾಕ್ಟರ್ ಇವುಗಳಿಗೆ ಯೋಚಿಸಬಹುದು. ವಾರಂಟಿ ಇರುವ ವಾಹನವನ್ನು ಮುಟ್ಟಬೇಡಿ. ಟಾಯ್ಲೆಟ್ ಪೇಪರ್ ಸುರುಳಿ ತುರುಕಿ ಮನೆಯಲ್ಲೇ ಮಾಡುವ ಡಬ್ಬಿಗಳೂ ಬೇಡ. ಕಾಗದದ ನಾರು ಬಿಟ್ಟುಕೊಂಡರೆ ಆಯಿಲ್ ದಾರಿ ಕಟ್ಟಬಹುದು.

ಸಣ್ಣ ಬೆಳೆಗಾರರು ಹಣ ಹಾಕಬೇಕಾದ ಕ್ರಮ ಹೀಗಿರಲಿ: ಮೊದಲು ಏರ್ ಕ್ಲೀನರ್. ಧೂಳು ಒಳಗೆ ಬರುವುದು ಹೆಚ್ಚಾಗಿ ಅಲ್ಲಿಂದಲೇ. ಅದರ ರಬ್ಬರ್ ಪೈಪಿನಲ್ಲಿ ಒಂದು ಬಿರುಕಿದ್ದರೆ ಎರಡು ಆಯಿಲ್ ಫಿಲ್ಟರಿದ್ದರೂ ಪಿಸ್ಟನ್ ರಿಂಗ್ ಉಳಿಯದು. ಎರಡನೆಯದು, ಸರಿಯಾದ ದರ್ಜೆಯ ಆಯಿಲನ್ನೂ ಫಿಲ್ಟರನ್ನೂ ಸಕಾಲದಲ್ಲಿ ಬದಲಾಯಿಸುವುದು. ಮೂರನೆಯದು ಗೇಜ್. ಇವು ಮೂರೂ ಆದ ಮೇಲೆ ಬೈಪಾಸ್.

ಕೊನೆಯದಾಗಿ, ತೆಗೆದ ಆಯಿಲಿನ ಮಾತು. ಗೆದ್ದಲಿಗೆಂದು ಕಂಬಕ್ಕೆ ಬಳಿಯುವ, ಬೇಲಿಯ ಬುಡಕ್ಕೆ ಸುರಿಯುವ ಅಭ್ಯಾಸವನ್ನು ದಯಮಾಡಿ ಬಿಡಿ. ಬಳಸಿದ ಆಯಿಲ್ ಚರ್ಮಕ್ಕೆ ಹಾನಿ. ಅದರಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳಿವೆ. ಕೊಳವೆಬಾವಿಯೇ ಆಧಾರವಾದ ನಮ್ಮ ಸೀಮೆಯಲ್ಲಿ ನೆಲಕ್ಕೆ ಸುರಿದದ್ದು ನಾವು ಕುಡಿಯುವ ನೀರಿಗೇ ಇಳಿದೀತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅದು ಅಧಿಕೃತ ಮರುಬಳಕೆದಾರರಿಗೆ ಸೇರಬೇಕಾದದ್ದು. ಮುಚ್ಚಳವಿರುವ ಡಬ್ಬದಲ್ಲಿ ಶೇಖರಿಸಿ, ಅಂಥವರಿಗೆ ಒಪ್ಪಿಸುವ ಸರ್ವಿಸ್ ಸ್ಟೇಷನ್ನಿಗೆ ಕೊಡಿ.

— ಕಾರ್ಯದರ್ಶಿ