ಹಾಲಿ ರೂಪಾಯಿಯ ಮೇಲಣ ಬಾಗಿಲು

ಮಕ್ತಲ್, ನಾರಾಯಣಪೇಟೆ, ಗದ್ವಾಲ ಪರಿಸರದ ಹಳೆಯ ಮನೆಗಳಲ್ಲಿ ನಿಜಾಮರ ಕಾಲದ ಬೆಳ್ಳಿಯ ರೂಪಾಯಿ ಇಂದಿಗೂ ಅಲ್ಲೊಂದು ಇಲ್ಲೊಂದು ಉಳಿದಿದೆ. ಕೆಲವಕ್ಕೆ ಕುಣಿಕೆ ಬೆಸೆದು ಸರಕ್ಕೆ ಪೋಣಿಸಿರುತ್ತಾರೆ. ಏಳನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಸರದ ಐದು ನಾಣ್ಯಗಳನ್ನು ಕರಗಿಸಿ ಕಾಲ್ಗೆಜ್ಜೆ ಮಾಡಿಸಿದ ಸಂಗತಿಯನ್ನು ಒಮ್ಮೆ ಸಂತೋಷದಿಂದ ಹೇಳಿದಳು. ಆ ನಾಣ್ಯಗಳ ಮೇಲೆ ಏನಿತ್ತೆಂದು ಕೇಳಿದಾಗ, "ಒಂದು ಬಾಗಿಲಿತ್ತು, ಸರ್" ಎಂದಳು. ಈ ಪಾಠವನ್ನು ಆ ಉತ್ತರದಿಂದಲೇ ಆರಂಭಿಸಬಹುದು.

ಆಕೆ ಕಂಡದ್ದು ಚಾರ್‌ಮಿನಾರ್. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಳ್ವಿಕೆಯಲ್ಲಿ, ಹಿಜರಿ 1321ರಿಂದ, ಯಂತ್ರದಲ್ಲಿ ಒತ್ತಿದ ರೂಪಾಯಿ, ಎಂಟಾಣೆ, ನಾಲ್ಕಾಣೆ ಮತ್ತು ಎರಡಾಣೆಗಳ ಮೇಲೆ ಈ ಕಟ್ಟಡದ ಚಿತ್ರ ಬಂದಿತು. ಕಮಾನಿನ ನಡುವೆ ಒಂದು ಅಕ್ಷರವಿದೆ. ಅದು 'ಮೀಮ್' ಆಗಿದ್ದರೆ ನಾಣ್ಯ ಮಹಬೂಬರದು. 'ಐನ್' ಆಗಿದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದು. ಉರ್ದು ಬಲ್ಲ ಸಹೋದ್ಯೋಗಿಗಳ ನೆರವಿನಿಂದ ಈ ಎರಡು ಅಕ್ಷರಗಳನ್ನೂ ಹತ್ತು ಅಂಕಿಗಳನ್ನೂ ಕಪ್ಪುಹಲಗೆಯ ಮೇಲೆ ಬರೆಸಿದರೆ, ಮಕ್ಕಳು ನಾಣ್ಯದ ಕಾಲವನ್ನು ತಾವೇ ಓದಬಲ್ಲರು. ಬರಹ ಬಲದಿಂದ ಎಡಕ್ಕೆ ಸಾಗಿದರೂ ಇಸವಿಯ ಅಂಕಿಗಳನ್ನು ಎಡದಿಂದಲೇ ಓದಬೇಕೆಂಬುದನ್ನು ಮೊದಲೇ ತಿಳಿಸಿರಿ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕದ ವರ್ಷ ಹೆಚ್ಚುಕಡಿಮೆ ದೊರೆಯುತ್ತದೆ: 1321ಕ್ಕೆ 1903.

ಇನ್ನು, ಚಾರ್‌ಮಿನಾರ್ ಬಾಗಿಲು ಹೌದೇ? ವಿದ್ಯಾರ್ಥಿನಿಯ ಮಾತನ್ನು ತಪ್ಪೆಂದು ತಳ್ಳಿಹಾಕುವುದು ಸರಿಯಲ್ಲ. ಮುಹಮ್ಮದ್ ಕುಲಿ ಕುತುಬ್ ಷಾ 1591ರಲ್ಲಿ ಕಟ್ಟಿಸಿದ ಈ ಸೌಧಕ್ಕೆ ನಾಲ್ಕು ದಿಕ್ಕಿಗೂ ಕಮಾನುಗಳಿವೆ. ಮುಚ್ಚುವ ಕದವಿಲ್ಲ, ಕೋಟೆಗೋಡೆಗೆ ಸೇರಿಲ್ಲ, ನಗರದ ಅಂಚಿನಲ್ಲಿಲ್ಲ. ಹೈದರಾಬಾದಿನ ನಿಜವಾದ ಪುರದ್ವಾರಗಳು ಬೇರೆ. ಅವುಗಳಲ್ಲಿ ಪುರಾನಾ ಪುಲ್ ಮತ್ತು ದಬೀರಪುರ ದರ್ವಾಜಗಳು ಉಳಿದಿವೆ. ಈ ಭೇದವನ್ನು ಮನಗಾಣಿಸಲು ನಮ್ಮ ನುಡಿಯಲ್ಲಿಯೇ ಸಮೃದ್ಧವಾದ ಪದಗಳಿವೆ. ಊರಿನ ಪ್ರವೇಶದ್ವಾರ 'ಅಗಸಿ', ಕೋಟೆಯದು 'ಹೆಬ್ಬಾಗಿಲು', ಅದರ ಬಳಿಯ ಕಿರುಬಾಗಿಲು 'ದಿಡ್ಡಿ', ಕದವಿಲ್ಲದೆ ಬಾಗಿ ನಿಂತದ್ದು 'ಕಮಾನು'. ಹಿರಿದು ಎಂಬುದು ಬಾಗಿಲಿನೊಡನೆ ಸೇರಿ ಹೆಬ್ಬಾಗಿಲು ಆಗುವ ಕರ್ಮಧಾರಯ ಸಮಾಸವನ್ನು ಇಲ್ಲಿಯೇ ಬೋಧಿಸಬಹುದು. ಗದ್ವಾಲದ ಕೋಟೆಯನ್ನೋ 1294ರ ಶಾಸನವುಳ್ಳ ರಾಯಚೂರು ಕೋಟೆಯನ್ನೋ ಕಂಡ ಮಕ್ಕಳು ತರಗತಿಯಲ್ಲಿದ್ದರೆ, ಅಲ್ಲಿಯ ಬಾಗಿಲುಗಳನ್ನು ಅವರೇ ವರ್ಣಿಸಲಿ.

'ಹಾಲಿ ಸಿಕ್ಕಾ' ಎಂದರೆ ಸದ್ಯ ಚಲಾವಣೆಯಲ್ಲಿರುವ ನಾಣ್ಯ. ಹಾಲಿ ಅಧ್ಯಕ್ಷರು ಎನ್ನುವಾಗ ನಾವು ಬಳಸುವುದೂ ಇದೇ ಪದ. ಬ್ರಿಟಿಷ್ ಭಾರತದ ರೂಪಾಯಿಗೆ 'ಕಲ್ದಾರ' ಎಂಬ ಹೆಸರಿತ್ತು. 6 ಕಲ್ದಾರ ರೂಪಾಯಿಗೆ 7 ಹಾಲಿ ರೂಪಾಯಿ ಎಂಬುದು ವಿನಿಮಯದ ದರ. 100 ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದು ತಿಳಿಸಿ, ಈ ಮೊತ್ತವನ್ನು ಮಕ್ಕಳೇ ಸಾಧಿಸಲಿ. ಬಳಿಕ ಇಂಥ ಲೆಕ್ಕ ಕೊಡಬಹುದು: ನಾರಾಯಣಪೇಟೆಯ ಸೀರೆ ವ್ಯಾಪಾರಿಯೊಬ್ಬನು ಸೊಲ್ಲಾಪುರದಲ್ಲಿ 90 ಕಲ್ದಾರ ರೂಪಾಯಿ ಪಡೆದು ಊರಿಗೆ ಮರಳಿದರೆ, ಹಾಲಿಯಲ್ಲಿ ಅವನ ಕೈಗೆ ಬಂದುದೆಷ್ಟು?

ಈ ದರ ಎಲ್ಲಿಂದ ಬಂತೆಂದು ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಉತ್ತರ ಲೋಹದಲ್ಲಿದೆ. ಚಾರ್‌ಮಿನಾರ್ ರೂಪಾಯಿಯ ತೂಕ 11.18 ಗ್ರಾಂ, ಬೆಳ್ಳಿಯ ಅಂಶ ಶೇಕಡ 81.8, ವಿಕ್ಟೋರಿಯಾ ರಾಣಿಯ ಕಾಲದ ಕಲ್ದಾರದ ತೂಕ 11.66 ಗ್ರಾಂ, ಬೆಳ್ಳಿ ಶೇಕಡ 91.7. ಗುಣಿಸಿದರೆ ಒಂದರಲ್ಲಿ ಸುಮಾರು 9.15 ಗ್ರಾಂ, ಇನ್ನೊಂದರಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿ. ಇವುಗಳ ಪ್ರಮಾಣ 1.17, ಏಳನ್ನು ಆರರಿಂದ ಭಾಗಿಸಿದರೂ ಸರಿಸುಮಾರು ಅಷ್ಟೇ. ಶೇಕಡ ಮತ್ತು ಅನುಪಾತಗಳ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಮಕ್ಕಳಿಗೆ ಬೇರೆ ದೊರೆಯಲಾರದು.

ಟಂಕಸಾಲೆಯೂ ದೂರದ ಮಾತಲ್ಲ. ಚಾರ್‌ಮಿನಾರ್ ನಾಣ್ಯಗಳಿಗೆ ಮುಂಚೆ ಗದ್ವಾಲ ಸಂಸ್ಥಾನದಲ್ಲಿಯೂ ನಾರಾಯಣಪೇಟೆಯಲ್ಲಿಯೂ ನಾಣ್ಯಗಳನ್ನು ಅಚ್ಚುಹಾಕುತ್ತಿದ್ದರು. ಗದ್ವಾಲ ತಾಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಈಗ ಎರಡು ರಾಜ್ಯಗಳಲ್ಲಿರುವ ಊರುಗಳ ಸಂತೆಗಳಲ್ಲಿ ಒಂದೇ ರೂಪಾಯಿ ಓಡಾಡಿದೆ. ಅದನ್ನು ಎಣಿಸಿದವರು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಉರ್ದುವಿನಲ್ಲಿಯೂ ಎಣಿಸಿದ್ದಾರೆ.

ಬೋಧನೆಯಲ್ಲಿ ಕೆಲವು ಎಚ್ಚರಿಕೆಗಳು ಅಗತ್ಯ. ಬೆಳ್ಳಿ ನಾಣ್ಯವನ್ನು ಶಾಲೆಗೆ ತರಲು ಮಕ್ಕಳಿಗೆ ಹೇಳಬಾರದು. ಕಳೆದರೆ ಹೊಣೆ ಹೊರುವವರಾರು? ಮನೆಯಲ್ಲಿಯೇ ನಾಣ್ಯದ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಮೃದುವಾಗಿ ಉಜ್ಜಿ ಪಡಿಯಚ್ಚು ತರಲಿ. ಹುಣಸೆಹಣ್ಣು, ಬೂದಿಗಳಿಂದ ತಿಕ್ಕಿ ಹೊಳಪು ಬರಿಸಿದರೆ ಅಕ್ಷರಗಳು ಸವೆಯುತ್ತವೆ. ಸಂಗ್ರಾಹಕರೂ ಅಂಥ ನಾಣ್ಯಕ್ಕೆ ಬೆಲೆ ಕಡಿಮೆ ಕಟ್ಟುತ್ತಾರೆ. ಹೊಲ ಉಳುವಾಗ ನಿಧಿಯಾಗಿ ದೊರೆತ ನಾಣ್ಯಗಳ ಮಾತು ಬೇರೆ: ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ವಿಧಿಸುತ್ತದೆ.

ಕರಗಿಸಬೇಡಿರೆಂದು ಮನೆಯವರಿಗೆ ಹೇಳುವ ಅಧಿಕಾರ ಶಿಕ್ಷಕರಿಗಿಲ್ಲ. ಕಷ್ಟಕಾಲಕ್ಕೆಂದೇ ಕೂಡಿಟ್ಟ ಬೆಳ್ಳಿ ಅದು. ಆದರೆ ಪತ್ತಾರನ ಕುಲುಮೆಗೆ ಹೋಗುವ ಮುನ್ನ ಅದರ ಎರಡೂ ಮುಖಗಳ ಪಡಿಯಚ್ಚು, ಇಸವಿ, ಮತ್ತು ಅದು ಮನೆಗೆ ಬಂದ ಬಗೆಯನ್ನು ಕುರಿತು ಅಜ್ಜಿ ಹೇಳಿದ ನಾಲ್ಕು ಮಾತುಗಳು ಮಗುವಿನ ನೋಟುಬುಕ್ಕಿನಲ್ಲಿ ಸೇರಲಿ. ಈ ಚಟುವಟಿಕೆಗೆ ಒಂದು ವಾರದ ಅವಧಿ ಕೊಡಿರಿ.