ಇಂಡಿಕೇಟರ್ ಬಲ್ಬು: ಹೋಲ್ಡರಿಗೆ ಕೂತರೆ ಸಾಲದು

ಬೋರ್ಡೋ ದ್ರಾವಣಕ್ಕೆ ಮೈಲುತುತ್ತವನ್ನೂ ಸುಣ್ಣವನ್ನೂ ತೂಗಿಯೇ ಹಾಕುವವರು ನಾವು. ಆದರೆ ಜೀಪಿನ ಇಂಡಿಕೇಟರ್ ಬಲ್ಬು ಹೋದಾಗ ಮಾತ್ರ “ಒಂದು ಬಲ್ಬು ಕೊಡಿ” ಎಂದು ಅಂಗಡಿಯಲ್ಲಿ ಕೈಚಾಚಿಬಿಡುತ್ತೇವೆ. ಈ ಉದಾಸೀನದ ಫಲವನ್ನು ಕಳೆದ ಮಳೆಗಾಲದಲ್ಲಿ ನಾವೇ ಉಂಡೆವು.

ಮಂಜು ಕವಿದ ಸಂಜೆ. ಸಂಘದಿಂದ ಮನೆಗೆ ಹಿಂದಿರುಗುತ್ತಾ, ಮುಖ್ಯರಸ್ತೆಯಿಂದ ತೋಟದ ದಾರಿಗೆ ಬಲಕ್ಕೆ ತಿರುಗಿದೆವು. ಇಂಡಿಕೇಟರ್ ಹಾಕಿಯೇ ಇದ್ದೆವು. ಆದರೂ ಹಿಂದಿನಿಂದ ಬಂದ ಬೈಕಿನ ಹುಡುಗ ಬಲಬದಿಯಿಂದಲೇ ಮುಂದೆ ಹೋಗಲು ನೋಡಿ, ಜೀಪಿಗೆ ತಾಗಿ ಚರಂಡಿಗೆ ಬಿದ್ದ. ದೇವರ ದಯೆ, ಮೊಣಕೈ ತರಚಿದ್ದು ಬಿಟ್ಟರೆ ಬೇರೆ ಪೆಟ್ಟಾಗಲಿಲ್ಲ. “ಲೈಟೇ ಕಾಣಲಿಲ್ಲ ಸಾರ್” ಎಂದ. ಮರುದಿನ ಬಿಚ್ಚಿ ನೋಡಿದರೆ 21 ವ್ಯಾಟ್ ಇರಬೇಕಾದ ಕಡೆ 10 ವ್ಯಾಟಿನ ಬಲ್ಬು! ವಾರದ ಹಿಂದೆ ಅದನ್ನು ತಂದು ಹಾಕಿದವರು ನಾವೇ. ತಪ್ಪು ಹುಡುಗನದಲ್ಲ, ನಮ್ಮದು.

ಈ ಎರಡು ಬಲ್ಬುಗಳ ಬುಡ ಒಂದೇ ಅಳತೆಯದು. ಆದುದರಿಂದ ಹೋಲ್ಡರಿನಲ್ಲಿ ಕೂತಿತು ಎಂದ ಮಾತ್ರಕ್ಕೆ ಸರಿಯಾದ ಬಲ್ಬು ಎಂದಾಗದು. ಕೊಳ್ಳುವ ಮುನ್ನ ಸದಸ್ಯರು ಈ ಕೆಳಗಿನವುಗಳನ್ನು ನೋಡಬೇಕು.

1. ವೋಲ್ಟ್ ಮತ್ತು ವ್ಯಾಟ್: ಕಾರು, ಜೀಪು, ಪಿಕಪ್‌ಗಳಿಗೆ 12 ವೋಲ್ಟ್, ದೊಡ್ಡ ಲಾರಿಗಳಿಗೆ 24 ವೋಲ್ಟ್. ಹಿಂದೆ ಮುಂದೆ ಸಾಮಾನ್ಯವಾಗಿ 21 ವ್ಯಾಟ್, ಪಕ್ಕದ ಸಣ್ಣ ದೀಪಕ್ಕೆ 5 ವ್ಯಾಟ್. ಹಳೆಯ ಬಲ್ಬಿನ ಬುಡದಲ್ಲಿ ಇದು ಬರೆದಿರುತ್ತದೆ. ಆದರೆ ಹಳೆಯದೇ ತಪ್ಪಿರಬಹುದು. ವಾಹನದ ಕೈಪಿಡಿಯನ್ನೂ ನೋಡಿರಿ.

2. ಬಣ್ಣ: ಇಂಡಿಕೇಟರ್ ಬೆಳಕು ಕಿತ್ತಳೆಯೇ ಆಗಿರಬೇಕು. ಗಾಜು ಕಿತ್ತಳೆಯಿದ್ದರೆ ಬಿಳಿ ಬಲ್ಬು (ಪಿ21ಡಬ್ಲ್ಯು). ಗಾಜು ಬಿಳಿಯಿದ್ದರೆ ಕಿತ್ತಳೆ ಬಲ್ಬು (ಪಿವೈ21ಡಬ್ಲ್ಯು).

3. ಬುಡದ ಗುಬುಟು: ಬಿಳಿ ಬಲ್ಬಿನ ಎರಡು ಗುಬುಟುಗಳು ನೇರ ಎದುರುಬದುರು, ಕಿತ್ತಳೆಯದರಲ್ಲಿ ಸ್ವಲ್ಪ ಓರೆ. ಒಂದರ ಜಾಗದಲ್ಲಿ ಇನ್ನೊಂದು ಕೂರದಿರಲೆಂದೇ ಹೀಗೆ ಮಾಡಿದ್ದಾರೆ. ಅರ ಹಾಕಿ ಉಜ್ಜಿ ಕೂರಿಸುವ ಜಾಣತನ ಬೇಡ. ಒಂದು ಗುಬುಟು ಮೇಲೆ, ಒಂದು ಕೆಳಗೆ ಇದ್ದು, ತಳದಲ್ಲಿ ಎರಡು ಚುಕ್ಕೆಯಿದ್ದರೆ ಅದು ಬ್ರೇಕಿಗೂ ಹಿಂದಿನ ದೀಪಕ್ಕೂ ಬಳಸುವ ಎರಡು ತಂತಿಯ ಬಲ್ಬು.

4. ಎಲ್‌ಇಡಿ: ಕಾರ್ಖಾನೆಯಿಂದಲೇ ಬಂದಿದ್ದರೆ ಸರಿ. ತಂತಿ ಬಲ್ಬಿನ ಜಾಗದಲ್ಲಿ ಹಾಕಿದರೆ ಅದು ಎಳೆಯುವ ಕರೆಂಟು ತೀರ ಕಡಿಮೆ. ಬಲ್ಬು ಸುಟ್ಟಿದೆಯೆಂದು ಬಗೆದು ಫ್ಲಾಷರ್ ಅತಿವೇಗವಾಗಿ ಮಿನುಗಿಸುತ್ತದೆ.

ಇಲ್ಲಿ ಇನ್ನೊಂದು ಮಾತು. ಒಂದು ಬದಿ ಬೇಗಬೇಗ ಮಿನುಗತೊಡಗಿದರೆ, ಆ ಬದಿಯ ಬಲ್ಬು ಹೋಗಿದೆ ಅಥವಾ ವ್ಯಾಟ್ ಕಡಿಮೆಯಿದೆ ಎಂದು ವಾಹನವೇ ಹೇಳುತ್ತಿದೆ ಎಂದು ತಿಳಿಯಬೇಕು. ನಮ್ಮ ಜೀಪೂ ಆ ವಾರವೆಲ್ಲ ಹೇಳುತ್ತಲೇ ಇತ್ತು, ಕೇಳಿಸಿಕೊಂಡವರಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಮಿನುಗು ನಿಮಿಷಕ್ಕೆ 60ಕ್ಕೆ ಕಡಿಮೆಯಿಲ್ಲದೆ 120ಕ್ಕೆ ಮೀರದೆ ಇರಬೇಕು. ಗಡಿಯಾರ ಹಿಡಿದು 15 ಸೆಕೆಂಡು ಎಣಿಸಿರಿ. 15ರಿಂದ 30ರೊಳಗೆ ಬಂದರೆ ಸರಿ.

ಹೊಸ ಬಲ್ಬೂ ಮಂದವಾಗಿ ಉರಿದರೆ ಹೋಲ್ಡರ್ ನೋಡಿರಿ. ನಮ್ಮ ಕಡೆಯ ಮಳೆಗೆ ಒಳಗೆ ನೀರಿಳಿದು ಕಿಲುಬು ಕಟ್ಟಿರುತ್ತದೆ. ಒರೆಸಿ ಒಣಗಿಸಿ, ನುಣುಪಾದ ಉಜ್ಜುಕಾಗದದಿಂದ ತಿಕ್ಕಿದರೆ ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಮುಂಗಾರಿಗೆ ಮೊದಲು ಸಿಂಪಡಣೆಯ ಪಂಪು ತೆಗೆದು ನೋಡುವ ದಿನವೇ ವಾಹನದ ದೀಪಗಳನ್ನೂ ನೋಡುವ ರೂಢಿ ಮಾಡಿಕೊಳ್ಳೋಣ. ಮನೆಯವರೊಬ್ಬರನ್ನು ಐವತ್ತು ಹೆಜ್ಜೆ ಹಿಂದೆ ನಿಲ್ಲಿಸಿ, ಕಾಣುತ್ತದೆಯೇ ಎಂದು ಕೇಳಿರಿ. ಚಾಲಕನ ಜಾಗದಲ್ಲಿ ಕುಳಿತವನಿಗೆ ತನ್ನ ಹಿಂದಿನ ದೀಪ ಕಾಣುವುದಿಲ್ಲ. ಅದು ಇರುವುದೇ ಹಿಂದೆ ಬರುವವನಿಗಾಗಿ.